ಮೇಸ್ತ್ರಿಯ ಏಣಿ: ಒಂದು ಬಂಧನ, ಒಂದು ಧರ್ಮಕೇಂದ್ರ, 12 ವಾರ

ಇದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಣ್ಣ ಊರಿನಲ್ಲಿ ನಡೆದದ್ದು. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಇದ್ದ ಹಾಗೇ ಬರೆದಿದ್ದೇನೆ. ನಾನು ಅಲ್ಲಿನ ಕಥೋಲಿಕ ಧರ್ಮಕೇಂದ್ರದ, ಅಂದರೆ ಚರ್ಚಿನ, ಪಾಲನಾ ಪರಿಷತ್ತಿನ ಸದಸ್ಯೆ. ನಾನೂ ವಲಸೆ ಬಂದವಳೇ. ಆದರೆ ನನ್ನ ಬಳಿ ಇಲ್ಲಿ ಇರಲು ಅನುಮತಿಯ ಕಾಗದಪತ್ರ ಇದೆ. ಈ ಒಂದು ವ್ಯತ್ಯಾಸ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು 2025ರ ಆಗಸ್ಟ್‌ನಲ್ಲಿ.

ಆ ತಿಂಗಳು ನಮ್ಮ ಧರ್ಮಕೇಂದ್ರದ ಒಬ್ಬರನ್ನು ವಲಸೆ ಅಧಿಕಾರಿಗಳು ಬಂಧಿಸಿದರು. ಅವರನ್ನು ಇಲ್ಲಿ ಮೇಸ್ತ್ರಿ ಅಂತ ಕರೆಯುತ್ತೇನೆ. ಅವರ ಜೊತೆ ಕೆಲಸ ಮಾಡುವ ಹುಡುಗರು ಅವರನ್ನು ಸ್ಪ್ಯಾನಿಷ್‌ನಲ್ಲಿ 'ಮಾಯೆಸ್ತ್ರೋ' ಅನ್ನುತ್ತಿದ್ದರು. ಪೋರ್ಚುಗೀಸರಿಂದ ನಮಗೆ ಬಂದ 'ಮೇಸ್ತ್ರಿ' ಕೂಡ ಅದೇ ಬೇರಿನ ಮಾತು. ಹಾಗಾಗಿ ಆ ಹೆಸರು ನನ್ನ ಬಾಯಿಗೆ ತಾನಾಗಿ ಬಂತು.

ಮೇಸ್ತ್ರಿ 2002ರಲ್ಲಿ ಮೆಕ್ಸಿಕೋದಿಂದ ಅನುಮತಿ ಇಲ್ಲದೆ ಗಡಿ ದಾಟಿ ಬಂದವರು. ಮನೆಗಳಿಗೆ ಛಾವಣಿ ಹಾಕುವ ಕೆಲಸ. ಹೆಂಡತಿಗೂ ಕಾಗದಪತ್ರ ಇಲ್ಲ. ಮೂವರು ಮಕ್ಕಳು, 17, 12 ಮತ್ತು 6 ವರ್ಷದವರು. ಮೂವರೂ ಇಲ್ಲೇ ಹುಟ್ಟಿದವರು, ಅಮೆರಿಕದ ಪ್ರಜೆಗಳು. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ಒಮ್ಮೆ ದಂಡ ಕಟ್ಟಿದ್ದು ಬಿಟ್ಟರೆ ಮೇಸ್ತ್ರಿಯ ಮೇಲೆ ಬೇರೆ ಕೇಸು ಇರಲಿಲ್ಲ. ಪ್ರತಿ ವರ್ಷ ತೆರಿಗೆ ಕಟ್ಟುತ್ತಿದ್ದರು. ಇದು ನನಗೆ ಖಚಿತವಾಗಿ ಗೊತ್ತು, ಯಾಕೆಂದರೆ ಫಾರಂ ತುಂಬಿಕೊಡುತ್ತಿದ್ದವಳು ನಾನೇ. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಯ ಸ್ಪ್ಯಾನಿಷ್ ಪೂಜೆಯಲ್ಲಿ ಕಾಣಿಕೆ ಬುಟ್ಟಿ ಹಿಡಿಯುವುದು ಅವರ ಸೇವೆ. ಪೂಜೆ ಮುಗಿದ ಮೇಲೆ ನಾವಿಬ್ಬರೂ ಕೂತು ಹಣ ಎಣಿಸುತ್ತಿದ್ದೆವು. ನನ್ನನ್ನು 'ಎರ್ಮಾನಾ' ಅನ್ನುತ್ತಿದ್ದರು. ನಮ್ಮ ಮಾತಲ್ಲಿ ಹೇಳಬೇಕೆಂದರೆ 'ಅಕ್ಕ'.

ನಾವು ಕಾದದ್ದು ಬಾಗಿಲನ್ನು

ಚರ್ಚ್, ಶಾಲೆ, ಆಸ್ಪತ್ರೆಗಳಂಥ ಜಾಗಗಳಲ್ಲಿ ಸಾಮಾನ್ಯವಾಗಿ ವಲಸೆ ಬಂಧನ ಬೇಡ ಅನ್ನುವ ಸೂಚನೆ 2011ರಿಂದ ಇತ್ತು. 2025ರ ಜನವರಿಯಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಅದನ್ನು ತೆಗೆದುಹಾಕಿತು. ಕೆಲವೇ ವಾರಗಳಲ್ಲಿ ನಮ್ಮ ಸ್ಪ್ಯಾನಿಷ್ ಪೂಜೆಯ ಹಿಂದಿನ ಬೆಂಚುಗಳು ಖಾಲಿಯಾದವು. ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪರಿಗೆ ಒಂದು ಪತ್ರ ಬರೆದರು. ಬಡತನ, ಅಭದ್ರತೆ ತಾಳಲಾರದೆ ಊರು ಬಿಟ್ಟು ಬಂದವರನ್ನು ಸಾರಾಸಗಟಾಗಿ ಗಡೀಪಾರು ಮಾಡಿದರೆ ಅವರ ಮನುಷ್ಯ ಘನತೆಗೆ ಪೆಟ್ಟು ಬೀಳುತ್ತದೆ ಅನ್ನುವುದು ಅದರ ತಿರುಳು. ಫಾದರ್ ಅದನ್ನು ಪೂಜೆಯಲ್ಲಿ ಓದಿದರು. ಓದುವಾಗ ಅವರ ದನಿ ಸ್ವಲ್ಪ ನಡುಗಿತ್ತು. ಅವರೂ ಬೇರೆ ದೇಶದಿಂದ ಬಂದವರು. ಧಾರ್ಮಿಕ ಸೇವೆಯವರಿಗೆ ಕೊಡುವ ಆರ್-1 ವೀಸಾದಲ್ಲಿ ಇದ್ದರು. ಅದಕ್ಕೆ ಐದು ವರ್ಷದ ಮಿತಿ ಇದೆ.

ನಾವು ತಯಾರಿ ಶುರು ಮಾಡಿದೆವು. ಚರ್ಚಿನ ಕಚೇರಿ, ಅಡುಗೆಮನೆ, ಧರ್ಮೋಪದೇಶದ ಕೋಣೆಗಳ ಬಾಗಿಲಿಗೆ 'ಖಾಸಗಿ' ಅಂತ ಫಲಕ ಹಾಕಿದೆವು. ಸ್ವಯಂಸೇವಕರಿಗೆ ವಾರಂಟ್ ಓದುವುದನ್ನು ಕಲಿಸಿದೆವು. ನ್ಯಾಯಾಧೀಶರ ಸಹಿ ಇರುವ ವಾರಂಟ್ ಬೇರೆ, ವಲಸೆ ಅಧಿಕಾರಿಯೇ ಸಹಿ ಮಾಡಿದ ವಾರಂಟ್ ಬೇರೆ. ಎರಡನೆಯದು ಇದ್ದ ಮಾತ್ರಕ್ಕೆ ಖಾಸಗಿ ಕೋಣೆಯ ಬಾಗಿಲು ತೆರೆಯಬೇಕಾಗಿಲ್ಲ. ಹಾಗಂತ ಅಡ್ಡ ನಿಲ್ಲುವುದು, ಯಾರನ್ನೋ ಬಚ್ಚಿಡುವುದು ಮಾಡಬಾರದು ಅಂತ ಧರ್ಮಪ್ರಾಂತದ, ಅಂದರೆ ನಮ್ಮ ಬಿಷಪರ ಆಡಳಿತದ, ವಕೀಲರು ಖಡಾಖಂಡಿತ ಹೇಳಿದ್ದರು. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಬಿಷಪ್ ಆಲ್ಬರ್ಟೋ ರೋಹಾಸ್ ಅವರು ಬಂಧನದ ಭಯ ಇರುವವರಿಗೆ ಭಾನುವಾರದ ಪೂಜೆಯ ಕಡ್ಡಾಯದಿಂದ ವಿನಾಯಿತಿ ಕೊಟ್ಟ ಸುದ್ದಿ ಬಂತು. ಮೇಸ್ತ್ರಿಗೆ ಅದನ್ನು ಹೇಳಿದೆ. "ಎರ್ಮಾನಾ, ಪೂಜೆಗೆ ಹೆದರಿ ಬರದೆ ಇದ್ದರೂ ಕೆಲಸಕ್ಕೆ ಹೋಗಲೇಬೇಕಲ್ಲ" ಅಂದರು.

ಅವರು ಹೇಳಿದ್ದೇ ಆಯಿತು. ಆಗಸ್ಟ್ ಮೊದಲ ವಾರ, ಬೆಳಗ್ಗೆ ಆರು ಗಂಟೆಗೆ, ಚರ್ಚಿನಿಂದ ನಾಲ್ಕು ಮೈಲಿ ದೂರದ ಪೆಟ್ರೋಲ್ ಬಂಕಿನಲ್ಲಿ ಅವರನ್ನು ಹಿಡಿದರು. ಟ್ರಕ್ ಅಲ್ಲೇ ನಿಂತಿತ್ತು, ಮೇಲೆ ಏಣಿ ಕಟ್ಟಿದ ಹಾಗೇ. ಆರು ತಿಂಗಳು ನಾವು ಚರ್ಚಿನ ಬಾಗಿಲು ಕಾಯುವುದನ್ನೇ ಕಲಿತಿದ್ದೆವು. ಬಾಗಿಲಿನ ಆಚೆ ಏನಾದರೂ ಆದರೆ ಮೊದಲು ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಚೀಟಿ ಕೂಡ ಯಾವ ಮನೆಯಲ್ಲೂ ಇರಲಿಲ್ಲ.

ಹೆಸರು ಸಿಗದ ಎರಡು ದಿನ

ಮೊದಲ ಎರಡು ದಿನ ಮೇಸ್ತ್ರಿ ಎಲ್ಲಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಬಂಧಿತರನ್ನು ಹುಡುಕಲು ಸರ್ಕಾರದ ಒಂದು ವೆಬ್‌ಸೈಟ್ ಇದೆ. ಬಂಧಿತರಿಗೆ ಕೊಡುವ 'ಎ-ನಂಬರ್' ಹಾಕಿ ಹುಡುಕಬಹುದು. ಇಲ್ಲವಾದರೆ ಹೆಸರು ಮತ್ತು ಹುಟ್ಟಿದ ದೇಶ ಹಾಕಬೇಕು. ಮೇಸ್ತ್ರಿ ಅದುವರೆಗೆ ವಲಸೆ ಇಲಾಖೆಯ ಕೈಗೆ ಸಿಕ್ಕವರೇ ಅಲ್ಲ, ಹಾಗಾಗಿ ನಂಬರ್ ಇರಲಿಲ್ಲ. ಹೆಸರು ಹಾಕಿದರೆ 'ಯಾವುದೇ ದಾಖಲೆ ಇಲ್ಲ' ಅಂತ ಬರುತ್ತಿತ್ತು.

ಅವರ ಮನೆಯ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. ಪಕ್ಕದಲ್ಲಿ ಹಿರಿಯ ಮಗಳು. ಮೆಕ್ಸಿಕೋದವರಿಗೆ ಎರಡು ಮನೆತನದ ಹೆಸರು ಇರುತ್ತವೆ, ಮೊದಲು ಅಪ್ಪನದು, ಆಮೇಲೆ ಅಮ್ಮನದು. ಎರಡನ್ನೂ ಹಾಕಿದೆವು, ಬರಲಿಲ್ಲ. ಅಪ್ಪನದು ಮಾತ್ರ, ಇಲ್ಲ. ನಡುವೆ ಅಡ್ಡಗೆರೆ, ಇಲ್ಲ. ನಮ್ಮವರು ಇನಿಶಿಯಲ್ ಬಿಡಿಸಿ ಬರೆದು ಪಾಸ್‌ಪೋರ್ಟಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಹೆಸರಾಗಿ ಒದ್ದಾಡುತ್ತೇವಲ್ಲ, ಅದು ನೆನಪಾಯಿತು. ಇಲ್ಲಿ ಫಾರಂ ತುಂಬುವವರು ಕೊನೆಯ ಪದವನ್ನೇ ಮನೆತನದ ಹೆಸರು ಅಂದುಕೊಳ್ಳುತ್ತಾರೆ. ಅಮ್ಮನ ಮನೆತನದ ಹೆಸರನ್ನು ಮಾತ್ರ ಹಾಕಿ ನೋಡೋಣ ಅಂದೆ. ಮಗಳು ಟೈಪ್ ಮಾಡಿದಳು. ಬಂತು. ಅಪ್ಪನ ಮನೆತನದ ಹೆಸರು ಅವರ ಮೊದಲ ಹೆಸರಿನ ಬಾಲವಾಗಿ ಸೇರಿಕೊಂಡಿತ್ತು. ಅಷ್ಟರಲ್ಲಿ ಅವರನ್ನು ಬೇರೆ ರಾಜ್ಯದ ಬಂಧನ ಕೇಂದ್ರಕ್ಕೆ ಸಾಗಿಸಿಯಾಗಿತ್ತು. ಕಾರಿನಲ್ಲಿ ಒಂಬತ್ತು ಗಂಟೆಯ ದಾರಿ.

ಆ ಎರಡು ದಿನದಲ್ಲೇ ಎರಡು ತಪ್ಪುಗಳಾದವು. ಒಂದು ನನ್ನದೇ. ಯಾರೋ ಮೇಸ್ತ್ರಿಯ ಕುಟುಂಬದ ಫೋಟೊ ಹಾಕಿ, ಹೆಸರು ಬರೆದು, ಪ್ರಾರ್ಥಿಸಿ ಅಂತ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ನಾನೂ ಅದನ್ನು ಮೂರು ಗುಂಪುಗಳಿಗೆ ಫಾರ್ವರ್ಡ್ ಮಾಡಿದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೆ. ಸಂಜೆಯ ಹೊತ್ತಿಗೆ ಅದು ಫೇಸ್‌ಬುಕ್ ಸೇರಿತ್ತು. ಕೆಳಗೆ ಬಂದ ಮಾತುಗಳನ್ನು 12 ವರ್ಷದ ಹುಡುಗ ಓದಿಬಿಟ್ಟಿದ್ದ. ಫೋಟೊದಲ್ಲಿ ಅಮ್ಮನೂ ಇದ್ದರು, ಅವರಿಗೂ ಕಾಗದಪತ್ರ ಇಲ್ಲ. ಅದು ನನಗೆ ಹೊಳೆದದ್ದು ಅವರು ಫೋನ್ ಮಾಡಿ ಅತ್ತಾಗ. ಎಲ್ಲ ಕಡೆಯಿಂದ ತೆಗೆಸಲು ನಾಲ್ಕು ದಿನ ಬೇಕಾಯಿತು.

ಇನ್ನೊಂದು ತಪ್ಪು, ಹೆಂಡತಿ ನಮ್ಮ ಹತ್ತಿರ ಬರುವ ಮೊದಲೇ ಒಬ್ಬ 'ನೊತಾರಿಯೋ'ಗೆ 1,800 ಡಾಲರ್ ಕೊಟ್ಟಿದ್ದರು. ಮೆಕ್ಸಿಕೋದಲ್ಲಿ ನೊತಾರಿಯೋ ಅಂದರೆ ದೊಡ್ಡ ಅರ್ಹತೆಯ ವಕೀಲ. ಅಮೆರಿಕದಲ್ಲಿ ನೋಟರಿ ಅಂದರೆ ಸಹಿಗೆ ಸಾಕ್ಷಿ ಹಾಕುವವರು, ಅಷ್ಟೇ. ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡವರು ಇದ್ದಾರೆ. ಆ ಹಣ ವಾಪಸ್ ಬರಲಿಲ್ಲ. ವಲಸೆ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ. ಸಿಕ್ಕಿದ್ದರೆ ಇಂಥವರ ಬಾಗಿಲಿಗೆ ಯಾರು ಹೋಗುತ್ತಿದ್ದರು?

ಒಂದೇ ಪರಿಚ್ಛೇದ

ಮುಂದಿನ ವಾರ ಪಾಲನಾ ಪರಿಷತ್ತು ಸೇರಿತು. ಹನ್ನೊಂದು ಜನ. ಚರ್ಚಿನ ಹಣದಿಂದ ವಕೀಲರಿಗೆ, ಜಾಮೀನಿಗೆ ಕೊಡಬೇಕೇ ಅನ್ನುವುದು ಪ್ರಶ್ನೆ. ನಮ್ಮಲ್ಲಿ ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ, ಎಪ್ಪತ್ತು ದಾಟಿದವರು. ಅವರು ಕಥೋಲಿಕ ಧರ್ಮೋಪದೇಶ ಗ್ರಂಥವನ್ನೇ ತಂದಿದ್ದರು. 2241ನೇ ಪರಿಚ್ಛೇದದ ಎರಡನೇ ಅರ್ಧ ಓದಿದರು. ವಲಸೆಗೆ ಸರ್ಕಾರ ಕಾನೂನಿನ ಷರತ್ತುಗಳನ್ನು ಹಾಕಬಹುದು, ವಲಸಿಗರು ಬಂದ ದೇಶದ ಕಾನೂನು ಪಾಲಿಸಬೇಕು ಅಂತ ಅಲ್ಲಿದೆ. ಧರ್ಮೋಪದೇಶ ಕಲಿಸುವ ಯುವತಿ ಎದ್ದು ನಿಂತು ಅದೇ ಪರಿಚ್ಛೇದದ ಮೊದಲ ಅರ್ಧ ಹೇಳಿದಳು. ಅನುಕೂಲವುಳ್ಳ ದೇಶಗಳು ತಮ್ಮ ಕೈಲಾದಷ್ಟು ಮಟ್ಟಿಗೆ ಪರದೇಶಿಯನ್ನು ಬರಮಾಡಿಕೊಳ್ಳಬೇಕು. ದನಿಗಳು ಏರಿದವು. 'ನೀವು', 'ನಿಮ್ಮಂಥವರು' ಅನ್ನುವ ಮಾತು ಬಂತು.

ಫಾದರ್ ಪುಸ್ತಕ ಇಸಿದುಕೊಂಡು ಇಡೀ ಪರಿಚ್ಛೇದವನ್ನು ನಿಧಾನವಾಗಿ ಓದಿದರು. "ಇದು ಒಂದೇ ಪರಿಚ್ಛೇದ. ಹರಿದು ಹಂಚಿಕೊಳ್ಳುವುದು ಬೇಡ" ಅಂದರು. ಅಮೆರಿಕ ಮತ್ತು ಮೆಕ್ಸಿಕೋದ ಬಿಷಪರು 2003ರಲ್ಲಿ ಜೊತೆಯಾಗಿ ಬರೆದ ಪತ್ರದಲ್ಲೂ ಎರಡೂ ಇವೆ ಅಂತ ನೆನಪಿಸಿದರು. ತನ್ನ ಗಡಿ ಕಾಯುವ ಹಕ್ಕು ದೇಶಕ್ಕೆ ಇದೆ. ಬದುಕಿಗಾಗಿ ವಲಸೆ ಹೋಗುವ ಹಕ್ಕು ಮನುಷ್ಯನಿಗೆ ಇದೆ. ಅದಕ್ಕೂ ಮೊದಲು, ಊರು ಬಿಡದೆ ಹುಟ್ಟಿದ ನೆಲದಲ್ಲೇ ಬದುಕು ಕಟ್ಟಿಕೊಳ್ಳುವ ಹಕ್ಕು ಇದೆ. ಕಾಗದಪತ್ರ ಇಲ್ಲ ಅಂದ ಮಾತ್ರಕ್ಕೆ ಘನತೆ ಇಲ್ಲದವರಾಗುವುದಿಲ್ಲ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. "ಅವರ ಹೆಂಡತಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಬಂಧನ ಕೇಂದ್ರದ ಎದುರು ಮೇಣದಬತ್ತಿ ಹಿಡಿದು ನಿಲ್ಲುವುದು, ಪತ್ರಿಕೆಯವರನ್ನು ಕರೆಯುವುದು, ಸಂಸದರಿಗೆ ಪತ್ರ ಬರೆಯುವುದು, ಎಲ್ಲ ಯೋಜನೆ ನಮ್ಮ ಕೈಯಲ್ಲಿತ್ತು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುವು ಆ ಪ್ರಶ್ನೆಯೇ. ಫಾದರ್ ಮತ್ತು ನಾನು ಅವತ್ತೇ ರಾತ್ರಿ ಅವರ ಮನೆಗೆ ಹೋಗಿ ಕೇಳಿದೆವು. ಆ ತಾಯಿ ಮೊದಲು ಹೇಳಿದ್ದು, "ಟ್ರಕ್ ಬಿಡಿಸಿಕೊಡಿ." ಬಂಕಿನಿಂದ ಎಳೆದುಕೊಂಡು ಹೋದ ಟ್ರಕ್ಕಿಗೆ ದಿನದ ಬಾಡಿಗೆ ಬೆಳೆಯುತ್ತಿತ್ತು. ಅವರ ಸೋದರಳಿಯ ಅದೇ ಟ್ರಕ್, ಅದೇ ಏಣಿ ಇಟ್ಟುಕೊಂಡು ಕೆಲಸ ಮುಂದುವರಿಸಿದರೆ ಮನೆ ಬಾಡಿಗೆಗೆ ದಾರಿಯಾಗುತ್ತಿತ್ತು. ಆಮೇಲೆ, ಮಕ್ಕಳನ್ನು ಶಾಲೆಗೆ ಬಿಡಲು ಯಾರಾದರೂ ಬೇಕು, ತನಗೆ ಗಾಡಿ ತೆಗೆಯಲು ಭಯ ಅಂದರು. ಮೆರವಣಿಗೆ, ಪತ್ರಿಕೆ ಯಾವುದೂ ಬೇಡ ಅಂದರು.

ಟ್ರಕ್ ಬಿಡಿಸಿದ್ದು ಯಾರು ಗೊತ್ತಾ? ಆ ನಿವೃತ್ತ ಅಧಿಕಾರಿ. ಮಾಲೀಕ ಜೈಲಿನಲ್ಲಿದ್ದಾಗ ಗಾಡಿ ಬಿಡಿಸಲು ಯಾವ ಅಧಿಕಾರ ಪತ್ರ ಬೇಕು, ಅದಕ್ಕೆ ಸಹಿ ಹೇಗೆ ತರಿಸಬೇಕು ಅನ್ನುವುದು ಅವರಿಗೆ ಮಾತ್ರ ಗೊತ್ತಿತ್ತು. "ನಾನು ಕಾನೂನಿನ ಕಡೆಯವನೇ. ಆದರೆ ಒಬ್ಬ ಮನುಷ್ಯನ ಏಣಿ ಅವನಿಗೇ ಸೇರಬೇಕು" ಅಂದರು. ಅವರ ಅಭಿಪ್ರಾಯ ಬದಲಾಗಲಿಲ್ಲ. ಹಣದ ವಿಷಯ ಮತಕ್ಕೆ ಬಂದಾಗ ವಿರುದ್ಧವೇ ಕೈ ಎತ್ತಿದರು. 7 ಪರ, 4 ವಿರುದ್ಧ. ಕಾಣಿಕೆ ಹಣ ಮುಟ್ಟುವುದು ಬೇಡ, ಬೇರೆ ನಿಧಿ ಮಾಡೋಣ, ಇಷ್ಟವಿದ್ದವರು ಕೊಡಲಿ ಅಂತ ತೀರ್ಮಾನವಾಯಿತು. ಅದೇ ಸರಿ ಅಂತ ಈಗಲೂ ನನ್ನ ಅಭಿಪ್ರಾಯ. ಬೇರೆ ಉದ್ದೇಶಕ್ಕೆ ಕೊಟ್ಟವರ ಹಣವನ್ನು ಅವರನ್ನು ಕೇಳದೆ ಇದಕ್ಕೆ ಹಾಕಿದ್ದರೆ ಮುಂದೆ ಯಾರೂ ನಮ್ಮನ್ನು ನಂಬುತ್ತಿರಲಿಲ್ಲ.

ಗಾಜಿನ ಆಚೆ

ಧರ್ಮಪ್ರಾಂತದ ನೆರವಿನಿಂದ ಒಳ್ಳೆಯ ವಕೀಲೆ ಸಿಕ್ಕರು. ಅವರ ಲೆಕ್ಕಾಚಾರ ಹೀಗಿತ್ತು. ಮೊದಲು ಜಾಮೀನು, ಆಮೇಲೆ ಗಡೀಪಾರು ರದ್ದತಿಯ ಅರ್ಜಿ. ಆ ಅರ್ಜಿಗೆ ಇಲ್ಲಿ ಹತ್ತು ವರ್ಷ ಸತತವಾಗಿ ಇದ್ದಿರಬೇಕು, ನಡತೆ ಚೆನ್ನಾಗಿರಬೇಕು. ಜೊತೆಗೆ, ಇಲ್ಲಿನ ಪ್ರಜೆಗಳಾದ ಮಕ್ಕಳಿಗೆ ಸಾಮಾನ್ಯಕ್ಕಿಂತ ತೀರಾ ಹೆಚ್ಚಿನ ಕಷ್ಟ ಆಗುತ್ತದೆ ಅಂತ ತೋರಿಸಬೇಕು. ಅಪ್ಪ ಇಲ್ಲದೆ ಮಕ್ಕಳು ಅಳುವುದು ಕಾನೂನಿನ ಕಣ್ಣಲ್ಲಿ 'ಸಾಮಾನ್ಯ' ಕಷ್ಟ. ವರ್ಷಕ್ಕೆ 4,000 ಜನರಿಗೆ ಮಾತ್ರ ಈ ಪರಿಹಾರ ಕೊಡುವ ಮಿತಿಯೂ ಇದೆ.

ಜಾಮೀನಿನ ವಿಚಾರಣೆ ಸೆಪ್ಟೆಂಬರ್ ನಡುವಿಗೆ ಇತ್ತು. ಸೆಪ್ಟೆಂಬರ್ 5ರಂದು ವಲಸೆ ಮೇಲ್ಮನವಿ ಮಂಡಳಿ ಒಂದು ತೀರ್ಪು ಕೊಟ್ಟಿತು. ಅನುಮತಿ ಇಲ್ಲದೆ ಗಡಿ ದಾಟಿ ಬಂದವರಿಗೆ ಜಾಮೀನು ಕೊಡುವ ಅಧಿಕಾರ ವಲಸೆ ನ್ಯಾಯಾಧೀಶರಿಗೆ ಇಲ್ಲ, ಬಂದು ಎಷ್ಟು ವರ್ಷವಾಗಿದ್ದರೂ ಅಷ್ಟೇ. ಮೇಸ್ತ್ರಿಯ ವಿಚಾರಣೆ ಕೆಲವೇ ನಿಮಿಷದಲ್ಲಿ ಮುಗಿಯಿತು. ಹತ್ತು ದಿನ ಮೊದಲು ದಿನಾಂಕ ಸಿಕ್ಕಿದ್ದರೆ ಅಂತ ವಕೀಲೆ ಮತ್ತೆ ಮತ್ತೆ ಹೇಳುತ್ತಿದ್ದರು. ಉಳಿದ ದಾರಿ ಫೆಡರಲ್ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಈ ಬಂಧನ ಕಾನೂನಿಗೆ ಸರಿಯೇ ಅಂತ ಪ್ರಶ್ನಿಸುವ ಅರ್ಜಿ. ಅದರ ಕೋರ್ಟ್ ಫೀ ಬರೀ 5 ಡಾಲರ್. ಅದರ ಹಿಂದಿನ ಕೆಲಸ ಮಾತ್ರ ತಿಂಗಳುಗಟ್ಟಲೆ. ಆ ದಿನಗಳಲ್ಲಿ ಹಲವು ಫೆಡರಲ್ ನ್ಯಾಯಾಧೀಶರು ಇಂಥವರಿಗೆ ಜಾಮೀನು ವಿಚಾರಣೆ ಕೊಡಿ ಅಂತ ಆದೇಶಿಸುತ್ತಿದ್ದರು. ನಮಗೆ ಆಸೆ ಇತ್ತು.

ಅಕ್ಟೋಬರ್‌ನಲ್ಲಿ ಹಿರಿಯ ಮಗಳನ್ನು ಕರೆದುಕೊಂಡು ಹೋದೆ. ಹೆಂಡತಿ ಹೋಗುವ ಹಾಗಿರಲಿಲ್ಲ, ಹೋದರೆ ಗುರುತಿನ ಚೀಟಿ ತೋರಿಸಬೇಕು. ನಡುವೆ ದಪ್ಪ ಗಾಜು, ಆ ಕಡೆ ಈ ಕಡೆ ಒಂದೊಂದು ಫೋನು. ಮೇಸ್ತ್ರಿ ತೆಳ್ಳಗಾಗಿದ್ದರು. ಬಿಸಿಲಿಗೆ ಕಪ್ಪಾಗಿದ್ದ ಕೈಗಳು ಬಿಳಚಿಕೊಂಡಿದ್ದವು, ಉಗುರುಗಳಲ್ಲಿ ಇರುತ್ತಿದ್ದ ಟಾರಿನ ಕಲೆ ಹೋಗಿತ್ತು. ಮಗಳು ಅದನ್ನೇ ನೋಡುತ್ತಿದ್ದಳು. ಅವರು ಮೊದಲು ಕೇಳಿದ್ದು, "ಏಣಿ ಯಾರ ಹತ್ತಿರ ಇದೆ?" ಸೋದರಳಿಯನ ಹತ್ತಿರ ಅಂದಳು. ಮೂರನೇ ಮೆಟ್ಟಿಲು ಸಡಿಲ ಇದೆ, ಹುಷಾರಾಗಿ ಹತ್ತು ಅಂತ ಹೇಳು ಅಂದರು.

ಆಮೇಲೆ ನನ್ನ ಕಡೆ ತಿರುಗಿ, ತಾನು ಸಹಿ ಹಾಕಿ ಹೊರಟುಬಿಡುತ್ತೇನೆ ಅಂದರು. ಸ್ವಯಂ ನಿರ್ಗಮನ. ಹಾಗೆ ಹೋದರೆ ಗಡೀಪಾರಿನ ಆದೇಶ ದಾಖಲೆಯಲ್ಲಿ ಉಳಿಯುವುದಿಲ್ಲ. ಆದರೆ ಇಷ್ಟು ವರ್ಷ ಅನುಮತಿ ಇಲ್ಲದೆ ಇದ್ದದ್ದಕ್ಕೆ ಹತ್ತು ವರ್ಷ ವಾಪಸ್ ಬರುವಂತಿಲ್ಲ. ಇನ್ನು ಸ್ವಲ್ಪ ದಿನ ತಾಳಿ, ಅರ್ಜಿ ಕೋರ್ಟಿನಲ್ಲಿದೆ, ನಿಧಿಯಲ್ಲಿ ಹಣ ಇದೆ ಅಂತ ನಾನು ಹೇಳುತ್ತಲೇ ಹೋದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಎರ್ಮಾನಾ, ಇಲ್ಲಿ ದೀಪ ಆರಿಸುವುದಿಲ್ಲ. ಪೂಜೆ ಇಲ್ಲ. ನನ್ನ ಅಮ್ಮನಿಗೆ 81 ವರ್ಷ. ಇಪ್ಪತ್ತಮೂರು ವರ್ಷದಿಂದ ಅವಳ ಮುಖ ನೋಡಿಲ್ಲ. ಇದೊಂದನ್ನಾದರೂ ನಾನೇ ತೀರ್ಮಾನ ಮಾಡುತ್ತೇನೆ."

ವಾಪಸ್ ಬರುವ ದಾರಿಯಲ್ಲಿ ನನಗೆ ಸಿಟ್ಟು ಬಂದಿತ್ತು, ಅವರ ಮೇಲೆ. ಇಷ್ಟೆಲ್ಲ ಮಾಡಿದೆವಲ್ಲ ಅಂತ. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಅಪ್ಪ ಅವತ್ತು ಅಜ್ಜಿಯನ್ನು ಬಿಟ್ಟು ಬಂದಾಗಲೂ ಹೀಗೇ ಹೇಳಿರಬೇಕು, ಅಲ್ವಾ?" ಅಂದಳು. ನಾನು ಉತ್ತರ ಕೊಡಲಿಲ್ಲ. ಮರುದಿನ ವಕೀಲೆಗೆ ಫೋನ್ ಮಾಡಿ, ಅವರು ಹೇಳಿದ ಹಾಗೇ ಮಾಡಿ ಅಂದೆ.

ಆಮೇಲೆ

ನವೆಂಬರ್ ಮೊದಲ ವಾರ ಮೇಸ್ತ್ರಿ ಮೆಕ್ಸಿಕೋ ತಲುಪಿದರು. ನವೆಂಬರ್ 4ರಂದು, ಫ್ರಾನ್ಸಿಸ್ ಅವರ ನಂತರ ಬಂದ ಪೋಪ್ ಲಿಯೋ ಬಂಧಿತರ ಆಧ್ಯಾತ್ಮಿಕ ಹಕ್ಕುಗಳನ್ನೂ ಗಮನಿಸಬೇಕು ಅಂತ ಪತ್ರಕರ್ತರಿಗೆ ಹೇಳಿದ್ದರು. ನಾನು ಓದಿದಾಗ ಗಾಜಿನ ಆಚೆಯ "ಪೂಜೆ ಇಲ್ಲ" ಅನ್ನುವ ಮಾತು ಕಿವಿಯಲ್ಲಿತ್ತು. ನವೆಂಬರ್ 12ರಂದು ಬಾಲ್ಟಿಮೋರ್‌ನಲ್ಲಿ ಸೇರಿದ್ದ ಅಮೆರಿಕದ ಬಿಷಪರು ವಿವೇಚನೆ ಇಲ್ಲದ ಸಾಮೂಹಿಕ ಗಡೀಪಾರನ್ನು ವಿರೋಧಿಸುವ ವಿಶೇಷ ಸಂದೇಶ ಹೊರಡಿಸಿದರು. 216 ಮತ ಪರ, 5 ವಿರುದ್ಧ, 3 ತಟಸ್ಥ. ಅಂಥ ವಿಶೇಷ ಸಂದೇಶ ಅದಕ್ಕೂ ಮೊದಲು ಬಂದದ್ದು 2013ರಲ್ಲಿ. ಅದೇ ಸಂದೇಶದಲ್ಲಿ ಗಡಿ ಕಾಯುವುದು ದೇಶಗಳ ಜವಾಬ್ದಾರಿ ಅಂತಲೂ ಇತ್ತು. ನಮ್ಮಲ್ಲಿ ಅದನ್ನು ಎರಡೂ ಪೂಜೆಗಳಲ್ಲಿ ಓದಲಾಯಿತು. ಒಂದು ಕುಟುಂಬ ನಮ್ಮ ಧರ್ಮಕೇಂದ್ರ ಬಿಟ್ಟು ಬೇರೆ ಕಡೆ ಹೋಯಿತು. ನಿವೃತ್ತ ಅಧಿಕಾರಿ ತಮ್ಮ ಎಂದಿನ ಬೆಂಚಿನಲ್ಲೇ ಕೂತು ಪೂರ್ತಿ ಕೇಳಿದರು.

ಹೆಂಡತಿ ಇನ್ನೂ ಇಲ್ಲೇ ಇದ್ದಾರೆ. ಹಿರಿಯ ಮಗಳ ಹೈಸ್ಕೂಲ್ ಮುಗಿದ ಮೇಲೆ ಇಬ್ಬರು ಚಿಕ್ಕ ಮಕ್ಕಳೊಂದಿಗೆ ಹೊರಡುವ ಯೋಚನೆ. ಹಿರಿಯವಳು ಇಲ್ಲೇ ಉಳಿದು ಕಾಲೇಜು ಸೇರುತ್ತಾಳೆ. ಈಗ ಶನಿವಾರ ಶನಿವಾರ ಚಿಕ್ಕವರಿಬ್ಬರಿಗೂ ಸ್ಪ್ಯಾನಿಷ್ ಓದುವುದು, ಬರೆಯುವುದು ಹೇಳಿಕೊಡುತ್ತಿದ್ದಾಳೆ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ತಾವು ಎಂದೂ ನೋಡದ ದೇಶದ ಶಾಲೆಗೆ ಸೇರಬೇಕಲ್ಲ.

ಧರ್ಮಕೇಂದ್ರದಲ್ಲಿ ಬದಲಾದದ್ದು ಹೇಳುತ್ತೇನೆ, ಬೇರೆ ಕಡೆಯವರಿಗೆ ಉಪಯೋಗವಾಗಬಹುದು. ಯಾರದೇ ಫೋಟೊ, ಹೆಸರು ಹಂಚುವ ಮುನ್ನ ಆ ಮನೆಯವರ ಒಪ್ಪಿಗೆ ಬೇಕು, ಬರವಣಿಗೆಯಲ್ಲಿ. ಇದನ್ನು ಪರಿಷತ್ತಿನ ಮುಂದೆ ಇಟ್ಟವಳು ನಾನೇ. ನಿಧಿ ಮುಂದುವರಿದಿದೆ. ಆದರೆ ಮೊದಲ ಖರ್ಚು ಈಗ ಜಾಮೀನಿಗಲ್ಲ, ವಕೀಲರ ಮೊದಲ ಭೇಟಿಗೆ. ಮೊದಲ ವಾರದಲ್ಲೇ ಸರಿಯಾದ ವಕೀಲರು ಸಿಕ್ಕಿದ್ದರೆ ಸೆಪ್ಟೆಂಬರ್ 5ಕ್ಕೆ ಮುಂಚೆ ವಿಚಾರಣೆ ಆಗುತ್ತಿತ್ತೋ ಏನೋ. ಆ ಯೋಚನೆ ನನ್ನನ್ನು ಬಿಟ್ಟಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ಹಾಳೆ. ಮನೆಯ ಪ್ರತಿಯೊಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಎರಡೂ ಮನೆತನದ ಹೆಸರುಗಳು ಬೇರೆ ಬೇರೆಯಾಗಿ, ಹುಟ್ಟಿದ ದೇಶ, ನಂಬುವ ಒಬ್ಬರ ಫೋನ್ ನಂಬರ್, ಅಪ್ಪ ಅಮ್ಮ ಇಬ್ಬರೂ ಸಿಕ್ಕಿಬಿದ್ದರೆ ಮಕ್ಕಳು ಯಾರ ಬಳಿ ಇರಬೇಕು ಅನ್ನುವ ಸಹಿ ಮಾಡಿದ ಪತ್ರ. ಅದು ಅವರ ಮನೆಯಲ್ಲೇ ಇರುತ್ತದೆ. ನಾವು ಪ್ರತಿ ಇಟ್ಟುಕೊಳ್ಳುವುದಿಲ್ಲ. ಒಂದು ವೇಳೆ ನಮ್ಮ ಕಪಾಟನ್ನು ಯಾರಾದರೂ ತೆರೆಸಿದರೂ ಅಲ್ಲಿ ಪಟ್ಟಿ ಇರಬಾರದು. ಇದುವರೆಗೆ 31 ಮನೆಯವರು ಪೂಜೆಯ ನಂತರ ಉಳಿದು ತುಂಬಿಸಿಕೊಂಡು ಹೋಗಿದ್ದಾರೆ. ಬಾರದವರು ಇನ್ನೂ ಇದ್ದಾರೆ. ಅವರ ಮನೆಗೇ ಹೋಗಿ ತುಂಬಿಸೋಣ ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ ಅಂತ ತೀರ್ಮಾನಿಸಿದೆವು. ಈಗ ಆ ಮನೆಗಳಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಮಕ್ಕಳು ಮಂಚದ ಕೆಳಗೆ ಹೋಗಿ ಕೂರುತ್ತಾರೆ.